ಮಾಸ್ತರರು ಮುಟ್ಟಿದ ಕರು

ಕೊಲೆಗಾರರ ಬಗ್ಗೆ ಬರೆಯುವ ಕೆಲಸಕ್ಕೆ ಇಳಿಯಬೇಕೆಂದಿರುವ ಹುಡುಗ ಹುಡುಗಿಯರನ್ನು ನನ್ನ ತಂಗಿಯ ಮೊಮ್ಮಗಳು ಆಗಾಗ ಮನೆಗೆ ಕರೆತರುತ್ತಾಳೆ. ಮದ್ರಾಸಿನ ಬೆಸೆಂಟ್ ನಗರದ ನನ್ನ ಬಾಲ್ಕನಿಯಲ್ಲಿ ಕುಳಿತು, ಫೋನನ್ನು ನನ್ನ ಮೂಗಿನ ಕೆಳಗಿಟ್ಟು, "ಪಾಟಿ, ನಿಮ್ಮ ಟೈಮ್‌ನಲ್ಲಿ ಮೆಥಡ್ ಏನಿತ್ತು?" ಎಂದು ಕೇಳುತ್ತಾರೆ. ಮೊದಲು ಒಂದು ಕರು ಹುಡುಕಿಕೊಳ್ಳಿ ಎನ್ನುತ್ತೇನೆ. ಮುದುಕಿಗೆ ಮರೆವು ಶುರುವಾಗಿದೆ ಎಂದುಕೊಂಡು ಮರ್ಯಾದೆಗೆ ನಗುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಪ್ರಮೋಷನ್ನಿನ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ನನಗೆ ಎರಡು ಸಲ ಬಡ್ತಿ ಸಿಕ್ಕಿತು. ಮೊದಲನೆಯದರಲ್ಲಿ ಕೈಯಿರುವ ಕುರ್ಚಿ ಬಂತು, ಎರಡನೆಯದರಲ್ಲಿ ತಲೆಯ ಮೇಲೆ ಫ್ಯಾನು. ಫ್ಯಾನು ತಿರುಗುತ್ತಿರಲಿಲ್ಲ.

ಮೌಂಟ್ ರೋಡಿನ ಹಿಂಬದಿಯ ಒಂದು ಗಲ್ಲಿಯಲ್ಲಿ, ಉಡುಪಿಯವರ ಹೋಟೆಲೊಂದರ ಮಾಳಿಗೆಯ ಮೇಲೆ ನಮ್ಮ ಕನ್ನಡ ವಾರಪತ್ರಿಕೆ ಇತ್ತು. ಕನ್ನಡ ಪತ್ರಿಕೆ ಮದ್ರಾಸಿನಲ್ಲೇಕೆ ಎಂದು ಈಗಿನವರು ಕೇಳುತ್ತಾರೆ. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸು ರಾಜ್ಯದಲ್ಲೇ ಇತ್ತು. ಅಲ್ಲಿಯ ಸೆಷನ್ಸ್ ಜಡ್ಜು ಯಾರಿಗಾದರೂ ಗಲ್ಲು ವಿಧಿಸಿದರೆ ಇಲ್ಲಿಯ ಹೈಕೋರ್ಟು ಅದಕ್ಕೆ ಹೂಂ ಅನ್ನಬೇಕಿತ್ತು. ಆ ವಿಚಾರಣೆಗೆಂದು ಸಾಕ್ಷಿಗಳ ಹೇಳಿಕೆಗಳನ್ನೆಲ್ಲ ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿ ದಪ್ಪ ಪುಸ್ತಕ ಮಾಡುತ್ತಿದ್ದರು. ಅದಕ್ಕೆ ಪೇಪರ್ ಬುಕ್ ಎಂದು ಹೆಸರು. ನಮ್ಮ ಸಂಪಾದಕ ಭುಜಂಗ ರಾಯರು ಪರಿಚಯದ ವಕೀಲರಿಂದ ಅದನ್ನು ಓದಲು ತರುತ್ತಿದ್ದರು. ಅದರಿಂದ ಹನ್ನೆರಡು ವಾರದ ಧಾರಾವಾಹಿ ಹೊಸೆಯುವುದು ನನ್ನ ಕೆಲಸ.

ನಾನು ತಿರುವಲ್ಲಿಕೇಣಿಯ ಮಾಧ್ವರ ಮನೆಯ ಹುಡುಗಿ. ನಾಲ್ಕು ತಲೆಮಾರಿನಿಂದ ಮದ್ರಾಸಿನವರು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಇಂಗ್ಲಿಷು, ಟೈಪಿಂಗು, ಶಾರ್ಟ್‌ಹ್ಯಾಂಡು ಮತ್ತು ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸಿದ್ದರು. ಕನ್ನಡ ಮನೆಯಲ್ಲಿ ಅಜ್ಜಿಯಿಂದ ಬಂದದ್ದು, ಅರ್ಧ ತಮಿಳು. ಇಂಟರ್ವ್ಯೂನಲ್ಲಿ ರಾಯರು ಕೇಳಿದ್ದು ಒಂದೇ ಪ್ರಶ್ನೆ: ಹೆಣವೆಂದರೆ ಹೆದರಿಕೆ ಉಂಟಾ? ನಿಜವಾದ್ದಾದರೆ ಮಾತ್ರ ಎಂದೆ. ಕೆಲಸ ಸಿಕ್ಕಿತು. ಮನೆಯಲ್ಲಿ ಅಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, "ಹೆಣದ ವಿಷಯ ಬರಿಯೋ ಹುಡುಗೀನ ಯಾವನೇ ಕಟ್ಕೋತಾನೆ? ಪೋದುಂ, ಸಾಕು ನಿನ್ನ ಇಂಗ್ಲೀಷು" ಎಂದಳು. ಅಮ್ಮನ ಮಾತು ನಿಜವಾಯಿತು, ಆ ಕಥೆ ಮುಂದೆ ಬರುತ್ತದೆ.

ನನ್ನ ಮೊದಲ ಧಾರಾವಾಹಿ ಪೂರಾ ಫ್ಲಾಪ್. ಸಿಸ್ಟರು ಸಾರಾಂಶ ಬರೆಯಲು ಕಲಿಸಿದ ಪ್ರೆಸಿ ರೈಟಿಂಗಿನ ಪ್ರಕಾರ ಮೊದಲ ಪ್ಯಾರಾದಲ್ಲೇ ಯಾರು, ಯಾರನ್ನು, ಯಾವುದರಿಂದ, ಶಿಕ್ಷೆ ಏನು ಎಂದು ಎಲ್ಲವನ್ನೂ ನೀಟಾಗಿ ಹೇಳಿಬಿಟ್ಟಿದ್ದೆ. ರಾಯರು ತಲೆಯ ಮೇಲೆ ಕೈ ಹೊತ್ತುಕೊಂಡರು. "ಮಾರಾಯ್ತಿ, ನೀನು ಮೊದಲ ವಾರವೇ ಅವನನ್ನು ಗಲ್ಲಿಗೆ ಹಾಕಿದರೆ ಉಳಿದ ಹನ್ನೊಂದು ವಾರ ಜನ ಎಂತ ಓದುವುದು?" ಆಮೇಲೆ ಕೂರಿಸಿ ಪಾಠ ಹೇಳಿದರು. ಸತ್ತವರು ಮೊದಲ ಕಂತಿನಲ್ಲಿ ಮುಗಿದುಹೋಗುತ್ತಾರೆ, ಅವರಿಂದ ಇನ್ನೇನೂ ಹುಟ್ಟುವುದಿಲ್ಲ. ಬದುಕಿರುವವನನ್ನು ಹಿಡಿ. ಅವನು ಏನು ಉಂಡ, ಲಾಕಪ್ಪಿನಲ್ಲಿ ಹೇಗೆ ಮಲಗಿದ, ಅವನ ತಾಯಿ ಏನೆಂದಳು, ಅದನ್ನು ಬರಿ.

ಆ ಪಾಠ ಎಷ್ಟು ಸರಿಯೆಂದು ನನಗೆ ನಿಧಾನವಾಗಿ ಗೊತ್ತಾಯಿತು. ಪತ್ರಿಕೆ ಬರುವ ಹನ್ನೆರಡು ಶುಕ್ರವಾರ ಒಬ್ಬನ ಜೊತೆ ಕಾಫಿ ಕುಡಿದರೆ ಅವನು ನಮ್ಮವನಾಗುತ್ತಾನೆ. ಓದುವವರ ತಪ್ಪೇನಿದೆ? ಕೊಂದವನು ವಾರವಾರ ಮನೆಗೆ ಬರುತ್ತಾನೆ, ಸತ್ತವಳು ಒಂದೇ ಒಂದು ಸಲ ಬಂದು ಹೋಗಿರುತ್ತಾಳೆ. ಹೆಸರಿನ ಪದ್ಧತಿಯೂ ಹಾಗೇ ಇತ್ತು. ಆರೋಪಿಗೆ ಹೆಸರು. ಕೊಲೆಯಾದವರು ಬರೀ "ಮೃತ", ಹೆಂಗಸಾದರೆ "ಮೃತೆ". ಪೇಪರ್ ಬುಕ್ಕಿನಲ್ಲಿ ಪುಟಪುಟಕ್ಕೂ "ದಿ ಡಿಸೀಸ್ಡ್" ಎಂದೇ ಇರುತ್ತಿತ್ತು. ನಾನೂ ಹಾಗೇ ಇಳಿಸುತ್ತಿದ್ದೆ. ಗಲ್ಲಿನ ವಿಷಯ ಬರೆಯುವಾಗ ಸಾಲುಸಾಲಿಗೂ ನಿಲ್ಲುತ್ತಿದ್ದೆ, "ಮೃತೆ" ಎಂದು ಟೈಪು ಮಾಡುವಾಗ ಒಂದು ದಿನವೂ ನಿಲ್ಲಲಿಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ರಘುಪತಿ ಮಾಸ್ತರರ ಕೇಸು ಬಂತು. ಕರಾವಳಿಯ ಒಂದು ಹಳ್ಳಿಯ ಪ್ರೈಮರಿ ಶಾಲೆಯ ಮಾಸ್ತರರು. ಹೆಂಡತಿ ತವರಿಗೆ ಹೋಗಿಬರುತ್ತೇನೆಂದು ಹಟ ಹಿಡಿದದ್ದಕ್ಕೆ ಒಂದು ಬೆಳಿಗ್ಗೆ ಅವಳನ್ನು ಬಾವಿಗೆ ತಳ್ಳಿ, ಶಾಲೆಗೆ ಹೋಗಿ, ಮೂರನೆಯ ಕ್ಲಾಸಿಗೆ ಹಾಡು ಹೇಳಿಕೊಟ್ಟರು. ತಳ್ಳಿದ್ದನ್ನು ಪಕ್ಕದ ಮನೆಯವಳು ನೋಡಿದ್ದಳು. ಹಾಡನ್ನು ಇಡೀ ಶಾಲೆ ಕೇಳಿತ್ತು. ಕೇಸಿನಲ್ಲಿ ಡೌಟಿಗೆ ಜಾಗವೇ ಇರಲಿಲ್ಲ. ರಾಯರು, ಇದರಲ್ಲಿ ಹನ್ನೆರಡು ವಾರ ಹೇಗೆ ಎಳೆಯುವುದು ಎಂದು ಕೊರಗುತ್ತಿದ್ದರು.

ನಾಲ್ಕನೆಯ ಕಂತು ಅಚ್ಚಿಗೆ ಹೋಗುವ ಬೆಳಿಗ್ಗೆ ಕೆಳಗೆ ಹೋಟೆಲಿನ ಹಿಂಬದಿಯಲ್ಲಿದ್ದ ನಮ್ಮ ಪ್ರೆಸ್ಸಿನಿಂದ ಏಳುಮಲೈ ಕೂಗಿದ. ಏಳುಮಲೈ ನಮ್ಮ ಕಂಪಾಸಿಟರು, ಚಿಂತಾದ್ರಿಪೇಟೆಯವನು. ಕನ್ನಡ ಓದಲು ಬಾರದು. ಅಕ್ಷರಗಳ ಆಕಾರ ನೋಡಿಕೊಂಡೇ ಅಚ್ಚಿನ ಮೊಳೆ ಜೋಡಿಸುತ್ತಿದ್ದ, ತಪ್ಪುಗಳು ನನ್ನವಕ್ಕಿಂತ ಕಡಿಮೆ. ಪುಟಕ್ಕೆ ಆರು ಸಾಲು ಕಡಿಮೆ ಬಿದ್ದಿದೆ, ಬೇಗ ಕೊಡು ಎಂದ. ಪೇಪರ್ ಬುಕ್ಕಿನಲ್ಲಿ ಆರು ಸಾಲಿಗೆ ಆಗುವಂಥದ್ದು ಏನೂ ಉಳಿದಿರಲಿಲ್ಲ.

ಆ ಬೆಳಿಗ್ಗೆ ನಮ್ಮ ಬೀದಿಗೆ ಹಾಲಿನವನು ಬಂದದ್ದು ನೆನಪಿಗೆ ಬಂತು. ತಿರುವಲ್ಲಿಕೇಣಿಯಲ್ಲಿ ಹಾಲಿನವರು ಹಸುವನ್ನೇ ಮನೆ ಬಾಗಿಲಿಗೆ ಹೊಡೆದುಕೊಂಡು ಬಂದು ಕಣ್ಣೆದುರೇ ಕರೆದು ಕೊಡುತ್ತಿದ್ದರು. ಕರು ಸತ್ತಿದ್ದರೆ ಅದರ ಚರ್ಮಕ್ಕೆ ಒಣಹುಲ್ಲು ತುಂಬಿ, ನಾಲ್ಕು ಕೋಲು ಸಿಕ್ಕಿಸಿ, ಕಂಕುಳಲ್ಲಿ ಇರುಕಿಕೊಂಡು ತಂದು ಹಸುವಿನ ಮುಂದೆ ನಿಲ್ಲಿಸುತ್ತಿದ್ದರು. ಹಸು ಅದನ್ನು ನೆಕ್ಕುತ್ತ ಹಾಲು ಇಳಿಸುತ್ತಿತ್ತು. ನಾನು ಟೈಪ್‌ರೈಟರಿನಲ್ಲಲ್ಲ, ಪೆನ್ಸಿಲಿನಲ್ಲಿ, ನಿಂತೇ ಬರೆದೆ: ಪೊಲೀಸರ ನಡುವೆ ಕೋರ್ಟಿನ ಮೆಟ್ಟಿಲಿಳಿದ ಮಾಸ್ತರರು ಬೇಲಿಯ ಬಳಿ ಕಟ್ಟಿದ್ದ ಪುಟ್ಟ ಕರುವನ್ನು ಕಂಡು ನಿಂತರು. ಕೋಳ ತೊಟ್ಟ ಕೈಯಿಂದಲೇ ಅದರ ನೆತ್ತಿ ತುರಿಸಿದರು. ಕರು ಕಣ್ಣು ಮುಚ್ಚಿತು.

ಕಣ್ಣು ಮುಚ್ಚಿತು ಎಂದದ್ದಕ್ಕೆ ಕಾರಣ ಸಿಂಪಲ್. ನಾನು ನೋಡಿದ ಹುಲ್ಲುಕರುವಿಗೆ ಕಣ್ಣುಗಳೇ ಇರಲಿಲ್ಲ, ಹೊಲಿದುಬಿಟ್ಟಿದ್ದರು. ಆ ಕೋರ್ಟನ್ನಂತೂ ನಾನು ಜನ್ಮದಲ್ಲಿ ನೋಡಿರಲಿಲ್ಲ.

ಮುಂದಿನ ವಾರ ಅಂಚೆಯವನು ಕಾಗದಗಳನ್ನು ಚೀಲದಲ್ಲಿ ತಂದ. ಕರುವಿನ ನೆತ್ತಿ ತುರಿಸುವ ಕೈ ಕೊಲೆ ಮಾಡಲಾರದು ಎಂದು ಮಂಗಳೂರಿನ ಒಬ್ಬ ರಿಟೈರ್ಡ್ ತಹಶೀಲ್ದಾರರು ಬರೆದರು. ಹೆಂಗಸರು ಉಪ್ಪಿನಕಾಯಿ ಕಳಿಸಿದರು, ಮಾಸ್ತರರಿಗೆ ಜೈಲಿನ ಊಟ ರುಚಿಸುತ್ತದೋ ಇಲ್ಲವೋ ಎಂದು. ದೇವಸ್ಥಾನಗಳಿಂದ ಪ್ರಸಾದ ಬಂತು. ಆರನೆಯ ಕಂತಿನ ಹೊತ್ತಿಗೆ ಜಾತಕಗಳು ಬರತೊಡಗಿದವು. ಮಾಸ್ತರರು ಬಿಡುಗಡೆಯಾದರೆ ನಮ್ಮ ಮಗಳನ್ನು ನೋಡಬಹುದು ಎಂದು ಮರ್ಯಾದಸ್ಥ ತಂದೆತಾಯಂದಿರು, ಅರಿಸಿನ ಹಚ್ಚಿದ ಕವರಿನಲ್ಲಿ. ಅದೇ ಸಮಯದಲ್ಲಿ ನನ್ನ ಜಾತಕವೂ ತಿರುವಲ್ಲಿಕೇಣಿ, ಮೈಲಾಪುರ, ಮಾಂಬಲ ಎಲ್ಲ ಸುತ್ತಿಬರುತ್ತಿತ್ತು. ಹೆಂಡತಿಯನ್ನು ಬಾವಿಗೆ ತಳ್ಳಿದವನಿಗೆ ಏಳು ಸಂಬಂಧ, ಅದನ್ನು ಟೈಪು ಮಾಡಿದವಳಿಗೆ ಸೊನ್ನೆ. ಆ ಏಳನ್ನೂ ಫೈಲಿನಲ್ಲಿಟ್ಟು ದಾರ ಕಟ್ಟಿದವಳು ನಾನೇ.

ಇಡೀ ಕಟ್ಟಡದಲ್ಲಿ ಮಾಸ್ತರರ ಬಗ್ಗೆ ಬುದ್ಧಿ ನೆಟ್ಟಗಿದ್ದವನು ಏಳುಮಲೈ ಒಬ್ಬನೇ, ಅವನಿಗೆ ಓದಲು ಬಾರದ್ದರಿಂದ. ಚೀಲ ನೋಡಿ ಏನು ವಿಷಯ ಎಂದು ಕೇಳಿದ. ನಾನು ತಮಿಳಿನಲ್ಲಿ ಕಥೆ ಹೇಳಿದೆ. "ಪೊಂಡಾಟಿಯೆ ಕಿಣತ್ತುಲೆ ತಳ್ಳಿಟ್ಟಾನಾ ಇಲ್ಲಿಯಾ ಮಾ?" ಎಂದ. ಹೆಂಡತಿಯನ್ನು ಬಾವಿಗೆ ತಳ್ಳಿದ್ದು ಹೌದು ಎಂದೆ. "ಅಪ್ಪೊ ಕನ್ನುಕುಟ್ಟಿ ಎದುಕ್ಕು?" ಹಾಗಾದರೆ ಕರು ಯಾಕೆ? ಆರು ಸಾಲಿಗೆ ಎಂದು ಅವನಿಗೆ ನೆನಪು ಮಾಡಲು ನನಗೆ ನಾಚಿಕೆಯಾಯಿತು.

ಹತ್ತನೆಯ ಕಂತು ಬರುವಾಗ ಹೈಕೋರ್ಟು ಗಲ್ಲನ್ನು ಖಾಯಂ ಮಾಡಿತ್ತು. ಇನ್ನುಳಿದದ್ದು ರಾಜ್ಯಪಾಲರ ದಯೆ. ಓದುಗರ ಪರವಾಗಿ ಪತ್ರಿಕೆಯೇ ಅರ್ಜಿ ಹಾಕಬೇಕೆಂದು ರಾಯರು ತೀರ್ಮಾನಿಸಿದರು. ಆಫೀಸಿನಲ್ಲಿ ಇಂಗ್ಲಿಷು ಚೆನ್ನಾಗಿದ್ದವಳು ನಾನು. ನಾಲ್ಕು ಪುಟ ಟೈಪು ಮಾಡಿದೆ. ಎರಡನೆಯ ಪುಟದಲ್ಲಿ, ಮೂಕಪ್ರಾಣಿಯ ಮೇಲೆ ಇವರಿಗಿದ್ದ ಅಂತಃಕರಣಕ್ಕೆ ಕೋರ್ಟಿನ ಅಂಗಳವೇ ಸಾಕ್ಷಿ ಎಂದು ರಾಯರು ಕರುವನ್ನು ಹಾಕಿಸಿದರು. ಸರಕಾರಿ ಕಾಗದದ ಮೇಲೆ ನನ್ನ ಹುಲ್ಲುಕರು. ಅದು ಸುಳ್ಳು ಎಂದರೆ ಒಬ್ಬ ಮನುಷ್ಯನ ಪ್ರಾಣ ಹೋದೀತು, ಎನ್ನದಿದ್ದರೆ ನಾನು ರಾಜ್ಯಪಾಲರಿಗೇ ಕಾಗೆ ಹಾರಿಸಿದಂತೆ. ಕಾನ್ವೆಂಟಿನಲ್ಲಿ ಇದಕ್ಕೆ ಯಾರೂ ಪಾಠ ಮಾಡಿರಲಿಲ್ಲ. ಬೆನ್ನು ನೆಟ್ಟಗಿಟ್ಟುಕೊಂಡು ಟೈಪು ಮಾಡಿದೆ.

ಸಹಿಗಾಗಿ ಹಾಳೆಯನ್ನು ಕೆಳಗಿನ ಹೋಟೆಲಿಗೆ ಕಳಿಸಿದೆವು. ಅಲ್ಲಿ ದೋಸೆ ಹುಯ್ಯುವವರಿಂದ ಹಿಡಿದು ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರ ತನಕ ಎಲ್ಲರೂ ಕರಾವಳಿಯವರು, ಎಲ್ಲರೂ ಮಾಸ್ತರರ ಭಕ್ತರು. ಮರುದಿನ ಹತ್ತೂವರೆಗೆ ಸುಬ್ರಾಯಣ್ಣ ಕಾಫಿಯ ಜೊತೆ ಹಾಳೆಯನ್ನೂ ತಂದ. ನಲವತ್ತರ ಹತ್ತಿರದ ಮನುಷ್ಯ, ಹೋಟೆಲಿನ ಕಾಫಿ ವಿಭಾಗ ಅವನದು. ನಾನು ಸೇರಿದಂದಿನಿಂದ ದಿನಾ ಎರಡು ಲೋಟ ಅವನೇ ಹೊತ್ತು ತರುತ್ತಿದ್ದ, ಒಂದು ರಾಯರಿಗೆ, ಒಂದು ನನಗೆ. ನನ್ನನ್ನು ತಂಗೀ ಎನ್ನುತ್ತಿದ್ದ.

ಹಾಳೆಯನ್ನು ಮೇಜಿನ ಮೇಲಿಟ್ಟು, ಎಲ್ಲರದ್ದೂ ಆಯಿತು, ನನ್ನದು ಮಾತ್ರ ಇಲ್ಲ ಎಂದ. ಪೆನ್ನು ಕೆಟ್ಟಿತಾ ಎಂದು ನನ್ನ ಪೆನ್ನು ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ.

"ನಾನು ಅವಳ ಅಣ್ಣ" ಎಂದ.

"ಯಾರ ಅಣ್ಣ?"

"ನೀವು ಮೃತೆ ಮೃತೆ ಅಂತ ಬರಿತೀರಲ್ಲ ತಂಗೀ, ಅವಳ."

ನಾನು ಎದ್ದು ನಿಂತೆ. ಏಕೆ ನಿಂತೆ ಎಂದು ಗೊತ್ತಿಲ್ಲ. ಹತ್ತು ವಾರ, ಪ್ರತಿದಿನ, ಈ ಮನುಷ್ಯ ಕಾಫಿ ತಂದು ನನ್ನ ಪ್ರೂಫಿನ ಪಕ್ಕದಲ್ಲಿ ಇಟ್ಟು ಹೋಗಿದ್ದ. ಲೋಟದ ಉರುಟು ಕಲೆ ಎಷ್ಟೋ ಸಲ ಆ ಶಬ್ದದ ಮೇಲೇ ಬಿದ್ದಿತ್ತು.

ಮೊದಲೇ ಏಕೆ ಹೇಳಲಿಲ್ಲ ಎಂದೆ. ನಿಮ್ಮ ಕೆಲಸ, ನಾನೆಂತ ಹೇಳುವುದು ಎಂದ. ಆಮೇಲೆ ಕೇಳಿದ, "ಆ ಕರು ನೀವು ನೋಡಿದ್ದಾ?"

ಇಲ್ಲ ಎಂದೆ. ಅಮ್ಮನಿಗೂ ಹೇಳದಿದ್ದ ವಿಷಯ, ಅವನಿಗೆ ಒಂದೇ ಶಬ್ದದಲ್ಲಿ ಹೇಳಿಬಿಟ್ಟೆ.

"ನನಗೆ ಗೊತ್ತಾಯ್ತು. ಅವನಿಗೆ ದನ ಕಂಡರಾಗ. ಕರು ಇದ್ದದ್ದು ಅವಳದ್ದು, ಮನೆಯಲ್ಲಿ. ಅವನಿಗೆ ಎರಡು ಸಲ ಒದ್ದಿದೆ ಅದು." ಸ್ವಲ್ಪ ನಕ್ಕ. "ಅವನನ್ನು ಗಲ್ಲಿಗೆ ಹಾಕಿ ಅಂತ ನಾನು ಹೇಳೂದಿಲ್ಲ. ಅದು ಸರಕಾರದ್ದು. ಅವಳಿಗೊಂದು ಹೆಸರುಂಟು. ವಾರಿಜ. ಒಂದು ಸಲ ಹಾಕ್ತೀರಾ?"

ಹೆಸರು ನನಗೆ ಗೊತ್ತಿರಲಿಲ್ಲವೆಂದಲ್ಲ. ಪೇಪರ್ ಬುಕ್ಕಿನ ಮೊದಲ ಪುಟದಲ್ಲಿ, ಆರೋಪದ ಪಟ್ಟಿಯಲ್ಲಿ, ಇತ್ತು. ನಾನು ಕಣ್ಣು ಹಾಯಿಸಿ ಮುಂದೆ ಹೋಗಿದ್ದೆ.

ಆ ಮಧ್ಯಾಹ್ನ ಅರ್ಜಿಯ ಎರಡನೆಯ ಪುಟವನ್ನು ಕರು ಇಲ್ಲದೆ ಮತ್ತೆ ಟೈಪು ಮಾಡಿದೆ. ದಯೆ ಕೇಳುವುದಕ್ಕೆ ಉಳಿದದ್ದೇ ಸಾಕೆಂದುಕೊಂಡೆ. ರಾಯರು ನೋಡದೆ ಸಹಿ ಹಾಕಿದರು, ನನ್ನ ಇಂಗ್ಲಿಷನ್ನು ಅವರು ಎಂದೂ ಪೂರ್ತಿ ಓದಿದವರಲ್ಲ. ಆಮೇಲೆ ಅವರ ಹತ್ತಿರ ಹೋಗಿ ಕೊನೆಯ ಕಂತನ್ನು ವಾರಿಜಳ ಬಗ್ಗೆ ಬರೆಯುತ್ತೇನೆ ಎಂದೆ. ಅವರು ನಶ್ಯದ ಡಬ್ಬಿ ಮುಚ್ಚಿಟ್ಟರು. ರಾಯರು ಕೆಟ್ಟವರಲ್ಲ, ತುಂಬ ಬುದ್ಧಿವಂತರು, ಅದೇ ಕಷ್ಟ. "ಸತ್ತವರಿಗೆ ಹೆಸರು ಕೊಟ್ಟರೆ ಅವರು ಎದ್ದು ಕೂತುಕೊಳ್ತಾರೆ ಮಾರಾಯ್ತಿ. ಆಮೇಲೆ ಮಾಸ್ತರನಿಗೆ ಜಾಗ ಎಲ್ಲಿ?"

ಸರಿ ಸಾರ್ ಎಂದು ಹೊರಗೆ ಬಂದೆ. ಹನ್ನೆರಡನೆಯ ಕಂತನ್ನು ಅವರು ಹೇಳಿದ ಹಾಗೇ ಬರೆದೆ. ಅವರು ಪ್ರೂಫಿಗೆ ಸಹಿ ಹಾಕಿದ ಮೇಲೆ ಅದನ್ನು ತೆಗೆದುಕೊಂಡು ಏಳುಮಲೈ ಹತ್ತಿರ ಹೋದೆ. ಈ ಆಕಾರ ಎಲ್ಲೆಲ್ಲಿದೆಯೋ ಅಲ್ಲೆಲ್ಲ ತೆಗೆದು ಈ ಆಕಾರ ಇಡು ಎಂದು ಚೀಟಿ ಬರೆದು ತೋರಿಸಿದೆ. ಅವನು ಎರಡನ್ನೂ ಬೆಳಕಿಗೆ ಹಿಡಿದು ನೋಡಿದ. ಯಾರು ಇದು ಎಂದ. ಬಾವಿಯಲ್ಲಿದ್ದವಳು ಎಂದೆ. ಇಷ್ಟು ದಿನ ಎಲ್ಲಿದ್ದಳು ಎಂದು ಗೊಣಗುತ್ತ ಮೊಳೆ ಕಿತ್ತ.

ಪತ್ರಿಕೆ ಹೊರಬಂದ ದಿನ ರಾಯರು ನನ್ನ ಜೊತೆ ಮಾತಾಡಲಿಲ್ಲ. ಮರುದಿನ ಆಡಿದ್ದನ್ನು ಇಲ್ಲಿ ಬರೆಯಲಾಗದು. ಹತ್ತೂವರೆಗೆ ಸುಬ್ರಾಯಣ್ಣ ಬಂದು ಲೋಟವಿಟ್ಟು, "ಹನ್ನೊಂದು ಕಡೆ ಉಂಟು" ಎಂದಷ್ಟೇ ಹೇಳಿ ಇಳಿದು ಹೋದ.

ನಾನು ಗೆದ್ದೆ ಎಂದುಕೊಂಡಿದ್ದೆ. ಓದುಗರ ಕಾಗದಗಳು ಬಂದವು. ಈ ವಾರಿಜ ಯಾರು ಎಂದು ಬಹಳ ಜನ ಕೇಳಿದ್ದರು. ಕೊನೆಯ ಕಂತಿನಲ್ಲಿ ಹೊಸ ಪಾತ್ರ ತರುವುದು ಸರಿಯಲ್ಲ ಎಂದು ಒಬ್ಬರು ಬುದ್ಧಿ ಹೇಳಿದ್ದರು. ಪಾಪದ ಮಾಸ್ತರರ ಸಂಸಾರ ಹಾಳುಮಾಡಿದವಳು ಇವಳೇ ಇರಬೇಕೆಂದು ಆ ತಹಶೀಲ್ದಾರರು ಊಹಿಸಿದ್ದರು. ಆ ಕಾಗದಗಳನ್ನು ನಾನು ಸುಬ್ರಾಯಣ್ಣನ ಕಣ್ಣಿಗೆ ಬೀಳದಂತೆ ಜಾತಕಗಳ ಫೈಲಿನೊಳಗೆ ತುರುಕಿದೆ.

ಕೆಲವು ತಿಂಗಳ ಮೇಲೆ ಗಲ್ಲು ಜೀವಾವಧಿಯಾಯಿತು. ಯಾಕೆಂದು ಸರಕಾರ ಹೇಳಲಿಲ್ಲ. ಓದುಗರಿಗೆ ಕಾರಣ ಗೊತ್ತಿತ್ತು: ಕರು ಉಳಿಸಿತು.

ಆಮೇಲೆ ರಾಜ್ಯಗಳ ವಿಂಗಡಣೆಯಾಗಿ ದಕ್ಷಿಣ ಕನ್ನಡ ಮೈಸೂರಿಗೆ ಹೋಯಿತು, ಪೇಪರ್ ಬುಕ್ಕುಗಳೂ ಹೋದವು. ನಾವು ಮದ್ರಾಸಿನ ಕೊಲೆಗಳನ್ನು ಕನ್ನಡ ಮಾಡಿಕೊಂಡೆವು. ಅರವತ್ತರ ನಂತರ ಫೋಟೋ ಬ್ಲಾಕುಗಳು ಬಂದವು, ಆರು ಸಾಲು ಕಡಿಮೆ ಬಿದ್ದರೆ ಮುಖವೊಂದನ್ನು ದೊಡ್ಡದು ಮಾಡಿದರೆ ಆಯಿತು. ಒಂದು ಸಲ ಗಂಡನನ್ನು ಕೊಂದ ತರಕಾರಿಯವಳ ಕೇಸು ಬರೆದೆ. ಅವನು ಅವಳನ್ನು ವರ್ಷಗಟ್ಟಲೆ ಹೊಡೆದದ್ದೆಲ್ಲ ಸಾಕ್ಷಿಯಲ್ಲೇ ಇತ್ತು, ನಾನು ಒಂದಕ್ಷರ ಸೇರಿಸಲಿಲ್ಲ. ಫೋಟೋದಲ್ಲಿ ಅವಳ ಬಾಯಿ ತೆರೆದಿತ್ತು, ಮುಂದಿನ ಹಲ್ಲಿರಲಿಲ್ಲ. ಒಂದೂ ಕಾಗದ ಬರಲಿಲ್ಲ. ಒಂದು ಚೂರು ಉಪ್ಪಿನಕಾಯಿ ಬರಲಿಲ್ಲ. ದಯೆ ಎನ್ನುವುದನ್ನು ಜನ ತಮಗೆ ಇಷ್ಟವಾದ ಮುಖಕ್ಕೇ ಕೊಡುತ್ತಾರೆಂದು ಆ ವರ್ಷ ನನಗೆ ಖಾತ್ರಿಯಾಯಿತು. ಆ ಮುಖ ತಯಾರು ಮಾಡುವವರು ನಾವು.

ಅರವತ್ತರ ದಶಕ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ಬಿಳಿ ಪಂಚೆಯ ಒಬ್ಬರು ಮೆಟ್ಟಿಲು ಹತ್ತಿ ಬಂದರು. ರಾಯರು ರಜೆಯಲ್ಲಿದ್ದರು. ಬಂದವರು ನನ್ನ ಮುಂದೆ ಕೂತು ಸಂಚಿಯಿಂದ ಹನ್ನೆರಡು ಕಂತುಗಳನ್ನು ತೆಗೆದಿಟ್ಟರು. ಜೈಲಿಗೆ ಯಾರೋ ಕಳಿಸಿದ್ದರಂತೆ. ಮಡಿಕೆಯಲ್ಲಿ ಹರಿದು, ಅನ್ನದ ಅಗಳು ಹಚ್ಚಿ ಅಂಟಿಸಿದ್ದವು.

"ನಾನು ಎಂಥವನು ಅಂತ ನನಗೆ ತಿಳಿದದ್ದು ನಿಮ್ಮಿಂದ" ಎಂದರು ರಘುಪತಿ ಮಾಸ್ತರರು. ಒಳ್ಳೆಯ ಕಂಠ. ನಾಲ್ಕನೆಯ ಕಂತಿನ ಮೇಲೆ ಬೆರಳಿಟ್ಟರು. "ಈ ಕರು. ನೆತ್ತಿಯ ಮೇಲೆ ಬಿಳಿ ಬೊಟ್ಟು ಇತ್ತು. ನೀವು ಬರೆಯಲಿಕ್ಕೆ ಮರೆತಿರಿ." ಅವರ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ, ನಿಜವಾದ ನೀರು.

"ಮಾಸ್ತರೇ, ಕರು ಇರಲಿಲ್ಲ. ಪುಟಕ್ಕೆ ಆರು ಸಾಲು ಕಡಿಮೆ ಬಿದ್ದಿತ್ತು."

ಅವರು ಮೂರನೆಯ ಕ್ಲಾಸಿನ ಮಗುವಿಗೆ ನಗುವ ಹಾಗೆ ನಕ್ಕರು. "ನೀವು ಅಲ್ಲಿರಲಿಲ್ಲ. ನಾನಿದ್ದೆ."

ಗೋಡೆಯ ಗಡಿಯಾರ ನೋಡಿದೆ. ಹತ್ತೂವರೆಗೆ ಎರಡು ನಿಮಿಷ. ಇವರನ್ನು ಹೇಗಾದರೂ ಎಬ್ಬಿಸಿ ಕಳಿಸಬೇಕು ಎಂದುಕೊಳ್ಳುವಷ್ಟರಲ್ಲಿ ಮೆಟ್ಟಿಲಲ್ಲಿ ಲೋಟಗಳ ಸದ್ದು. ಸುಬ್ರಾಯಣ್ಣ ಬಾಗಿಲಲ್ಲಿ ನಿಂತ. ತಲೆ ನರೆತಿತ್ತು ಅವನದು, ಮಾಸ್ತರರದೂ. ಅವನು ನೋಡಿದ, ಅವರೂ ನೋಡಿದರು. ರಾಯರಿಲ್ಲದ್ದರಿಂದ ಎರಡನೆಯ ಲೋಟ ಅವನ ಕೈಯಲ್ಲೇ ಉಳಿಯಿತು. ಅದನ್ನು ಮಾಸ್ತರರ ಮುಂದೆ ಇಡುತ್ತಾನೋ, ಮುಖಕ್ಕೆ ಎರಚುತ್ತಾನೋ ಎಂದು ನಾನು ಮೇಜಿನ ಮೇಲಿನ ಪ್ರೂಫುಗಳನ್ನು ಹತ್ತಿರ ಎಳೆದುಕೊಂಡೆ. ಅವನು ನನ್ನ ಲೋಟವನ್ನು ನನ್ನ ಮುಂದಿಟ್ಟು, "ತಂಗೀ, ಕಾಫಿ ಆರ್ತದೆ" ಎಂದು ಹೇಳಿ, ಇನ್ನೊಂದನ್ನು ಹಿಡಿದುಕೊಂಡೇ ಇಳಿದು ಹೋದ.

ಮಾಸ್ತರರು ಕಂತುಗಳನ್ನು ಜೋಪಾನವಾಗಿ ಮಡಚಿ ಎದ್ದರು. ನಾನು ಮೆಟ್ಟಿಲ ತನಕ ಹಿಂದೆ ಹೋದೆ. "ಅವರ ತಂಗಿಯ ಹೆಸರು ಹೇಳಿ ಹೋಗಿ ಮಾಸ್ತರೇ" ಎಂದೆ. ಅವರು ನಿಂತರು. ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಂಡರು. "ಅವಳಿಗೆ ಹಟ ಜಾಸ್ತಿ" ಎಂದು ಹೇಳಿ ಇಳಿದರು.

ಹನ್ನೊಂದಕ್ಕೆ ಸುಬ್ರಾಯಣ್ಣ ಖಾಲಿ ಲೋಟ ಒಯ್ಯಲು ಬಂದ. ಮೇಜು ಒರೆಸಿದ. ಅದು ಅವನ ಕೆಲಸವಲ್ಲ. ಆಮೇಲೆ ಕಿಟಕಿಯ ಕಡೆ ನೋಡುತ್ತ ಕೇಳಿದ, "ಹೆಸರು ಹೇಳಿದನಾ?"

ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ನಾನು ಇಲ್ಲದ್ದನ್ನು ಇದೆ ಎಂದು ಹೇಳಿದ್ದು ಎರಡೇ ಸಲ. ಮೊದಲನೆಯದು ಕರು.

"ಹೇಳಿದರು ಸುಬ್ರಾಯಣ್ಣ" ಎಂದೆ. "ಎರಡು ಸಲ ಹೇಳಿದರು."

ಅವನು ಕಿಟಕಿಯಿಂದ ನನ್ನ ಕಡೆ ತಿರುಗಿದ. "ಒಂದು ಸಲ ಅಂದಿದ್ದರೆ ನಂಬ್ತಿದ್ದೆ ತಂಗೀ" ಎಂದು ಲೋಟ ತೆಗೆದುಕೊಂಡ.